ಕೂಸು ನಡೆದಷ್ಟು ದೂರ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಾರಾಯಣಖೇಡ, ತಾಂಡೂರು, ಕೊನೆಗೆ ಜಹೀರಾಬಾದ್, ಹೀಗೆ ಮೂರು ಊರುಗಳ ಕೌಂಟರಿನ ಹಿಂದೆ ಕುಳಿತು ಆಯುಷ್ಯ ಕಳೆದೆ. ಓದಿದ್ದು ಮ್ಯಾಟ್ರಿಕ್. ವೈದ್ಯನಲ್ಲ, ಪಂಡಿತನೂ ಅಲ್ಲ. ಇಂದು ಮಾತಾಡಲಿರುವುದು ಆಗಷ್ಟೇ ನಡೆಯಲು ಕಲಿತ ಕೂಸನ್ನು ಹೊರಗೆ ಕರೆದುಕೊಂಡು ಹೋಗುವ ವಿಷಯ. ಇದರಲ್ಲಿ ಹೇಳುವುದಕ್ಕೇನಿದೆ ಎಂದು ತಾವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ನನ್ನ ಸ್ವಂತ ಮಕ್ಕಳು ಯಾವ ತಿಂಗಳು ನಡೆದರೆಂಬುದು ನನಗೆ ಗೊತ್ತಿಲ್ಲ. ಆಗ ನಾನು ಲೆಡ್ಜರ್ ಬರೆಯುತ್ತಿದ್ದೆ. ಮೊಮ್ಮಗಳ ಕಾಲಕ್ಕೆ ಪುರುಸೊತ್ತು ಸಿಕ್ಕಿತು.

ಮಗ ಸೊಸೆ ಇಬ್ಬರಿಗೂ ಹೈದರಾಬಾದಿನಲ್ಲಿ ನೌಕರಿ. ಕೂಸನ್ನು ಒಂದು ವರ್ಷದ ಮಟ್ಟಿಗೆ ಜಹೀರಾಬಾದಿನ ನಮ್ಮ ಮನೆಯಲ್ಲಿ ಬಿಟ್ಟಿದ್ದರು. ಹದಿನಾಲ್ಕು ತಿಂಗಳು ತುಂಬಿದರೂ ಅದು ಗೋಡೆ ಹಿಡಿದು ನಿಲ್ಲುತ್ತಿತ್ತೇ ಹೊರತು ಕೈ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ಓಡಾಡಿತ್ತು. ಬಂದವರೆಲ್ಲ ಕೇಳುವುದು ಒಂದೇ ಮಾತು: ಇನ್ನೂ ನಡೆಯುವುದಿಲ್ಲವೇ? ದಿನವೂ ಕೇಳಿ ಕೇಳಿ ನನ್ನ ಹೆಂಡತಿ ಕಣ್ಣೀರು ಹಾಕಿದಳು. ನಾನು ಬಜಾರಿಗೆ ಹೋಗಿ ಗಾಲಿಗಳಿದ್ದ ಪ್ಲಾಸ್ಟಿಕ್ ವಾಕರ್ ತಂದೆ. ಮೂರನೆಯ ದಿನ ಕೂಸು ಅದರಲ್ಲಿ ಕುಳಿತು ಜೋರಾಗಿ ಹೋಗಿ ಹೊಸ್ತಿಲಿಗೆ ಬಡಿದು ಮುಗ್ಗರಿಸಿತು. ತುಟಿ ಒಡೆಯಿತು. ಅದೇ ಸಂಜೆ ವಾಕರನ್ನು ಅಟ್ಟಕ್ಕೆ ಹಾಕಿದೆ.

ಆಮೇಲೆ ತಿಳಿದ ಸಂಗತಿಗಳನ್ನು ಮೊದಲೇ ತಿಳಿದಿದ್ದರೆ ಆ ತುಟಿ ಉಳಿಯುತ್ತಿತ್ತು. ಅದಕ್ಕೇ ತಮಗೆ ಹೇಳುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯವರು ಐದು ದೇಶಗಳ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಲೆಕ್ಕ ಪ್ರಕಟಿಸಿದರು. ನಮ್ಮ ದಿಲ್ಲಿಯ ಮಕ್ಕಳೂ ಅದರಲ್ಲಿದ್ದರು. ಯಾರ ಆಸರೆಯೂ ಇಲ್ಲದೆ ನಡೆಯುವ ವಯಸ್ಸು ಸರಾಸರಿ 12 ತಿಂಗಳು. ಆದರೆ ಆರೋಗ್ಯವಂತ ಮಕ್ಕಳಲ್ಲೇ ಕೆಲವರು ಎಂಟು ತಿಂಗಳು ದಾಟುತ್ತಲೇ ನಡೆದರೆ, ಕೆಲವರು ಹದಿನೇಳೂವರೆ ತಿಂಗಳವರೆಗೆ ತಡೆದರು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ. ಬೇಗ ನಡೆದ ಮಗು ಜಾಣ, ತಡವಾಗಿ ನಡೆದದ್ದು ದಡ್ಡ ಎಂಬ ಮಾತಿಗೆ ಆಧಾರವಿಲ್ಲ.

ಹಾಗೆಂದು ಕಣ್ಣು ಮುಚ್ಚಿಕೊಂಡೂ ಇರಬಾರದು. 18 ತಿಂಗಳು ತುಂಬಿದರೂ ನಡೆಯದಿದ್ದರೆ, ಒಂದು ಕಾಲನ್ನು ಎಳೆದು ಕುಂಟುತ್ತಿದ್ದರೆ, ಕಲಿತದ್ದನ್ನು ಮರೆಯುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಯ ತಂಡ ಅಂಗನವಾಡಿಗೇ ಬರುತ್ತದೆ. ಬರುವ ದಿನ ಕೇಳಿಟ್ಟುಕೊಳ್ಳಿ. ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಸೂಜಿ 16ರಿಂದ 24 ತಿಂಗಳ ನಡುವೆ, ಅಂದರೆ ಇದೇ ನಡಿಗೆಯ ಕಾಲಕ್ಕೆ ಬರುತ್ತದೆ. ನಮ್ಮ ಗಡಿಯ ಮಂದಿ ಒಂದು ಸೂಜಿ ತೆಲಂಗಾಣದಲ್ಲಿ, ಇನ್ನೊಂದು ತವರುಮನೆಗೆ ಹೋದಾಗ ಕರ್ನಾಟಕದಲ್ಲಿ ಹಾಕಿಸುವುದುಂಟು. ಎರಡನ್ನೂ ಒಂದೇ ಕಾರ್ಡಿನಲ್ಲಿ ಬರೆಸಿ. ಪಾಸ್‌ಬುಕ್ಕಿನಲ್ಲಿ ನಮೂದಾಗದ ಜಮೆಗೆ ಸಾಕ್ಷಿಯಿಲ್ಲ.

ಇನ್ನು ಬೀಳುವ ವಿಷಯ. ಅಮೆರಿಕದ ಸಂಶೋಧಕರು ಹೊಸದಾಗಿ ನಡೆಯುವ ಮಕ್ಕಳ ಹೆಜ್ಜೆಗಳನ್ನು ಎಣಿಸಿ 2012ರಲ್ಲಿ ವರದಿ ಕೊಟ್ಟರು. ಮನಸ್ಸಿಗೆ ಬಂದಂತೆ ಆಡಲು ಬಿಟ್ಟರೆ ಕೂಸು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಹದಿನೇಳು ಸಲ! ನಾವು ಒಂದು ಸಲ ಬಿದ್ದರೆ ಹದಿನೈದು ದಿನ ಹೇಳಿಕೊಳ್ಳುತ್ತೇವೆ. ಕೂಸು ನೆಲಕ್ಕೆ ಹತ್ತಿರ, ಮೈ ಹಗುರ, ಮೆತ್ತಗೆ ಕುಂಡಿಯ ಮೇಲೆ ಕೂರುತ್ತದೆ, ಏಳುತ್ತದೆ. ಬೀಳುವುದೂ ನಡಿಗೆಯ ಪಾಠವೇ. ವಾಕರಿನಲ್ಲಿ ಕುಳಿತ ಕೂಸು ಬೀಳದೆ ಓಡುತ್ತದೆ, ಆದ್ದರಿಂದ ತೂಕ ಹಿಡಿಯುವುದನ್ನು ಕಲಿಯುವುದಿಲ್ಲ. ಮೆಟ್ಟಿಲಿಂದ ಉರುಳುವ ಅಪಾಯ ಬೇರೆ. ಕೆನಡಾ ದೇಶದವರು 2004ರಲ್ಲಿ ವಾಕರ್ ಮಾರಾಟವನ್ನೇ ನಿಷೇಧಿಸಿದರು.

ನಮ್ಮ ಮನೆಗಳಲ್ಲಿ ತಾಂಡೂರು ಕಲ್ಲಿನ ನೆಲ. ಬೇಸಿಗೆಗೆ ತಂಪು, ನೋಟಕ್ಕೆ ಚೆಂದ. ಆದರೆ ನಯವಾದ ಕಲ್ಲಿನ ಮೇಲೆ ನೀರು ಚೆಲ್ಲಿದರೆ ದೊಡ್ಡವರೇ ಜಾರುತ್ತಾರೆ. ಮನೆಯೊಳಗೆ ಕೂಸನ್ನು ಬರಿಗಾಲಲ್ಲಿ ಬಿಡಿ. ಬರಿಗಾಲಿನ ಬೆರಳುಗಳು ನೆಲವನ್ನು ಹಿಡಿಯುತ್ತವೆ. ಕಾಲುಚೀಲ ಹಾಕಿದರೆ ಜಾರುತ್ತದೆ. ಹೊರಗೆ ಬಿಸಿಲು, ಮುಳ್ಳು ಇದ್ದಲ್ಲಿ ಮಾತ್ರ ಮೆತ್ತಗಿನ, ಬಾಗುವ ಅಟ್ಟೆಯ ಚಪ್ಪಲಿ ಸಾಕು. ನೀರು ತುಂಬಿದ ಬಕೆಟ್ಟನ್ನು ತೆರೆದಿಡಲೇಬೇಡಿ.

ನಮ್ಮ ಕೂಸು ಹದಿನೈದೂವರೆ ತಿಂಗಳಿಗೆ, ಒಂದು ಮಂಗಳವಾರ, ಜೋಳದ ಚೀಲದಿಂದ ನನ್ನ ಮೊಣಕಾಲಿನವರೆಗೆ ನಾಲ್ಕು ಹೆಜ್ಜೆ ನಡೆಯಿತು. ಸೊಸೆಯ ತವರು ತೆಲುಗರ ಮನೆ. ಮೊದಲ ಹೆಜ್ಜೆಗೆ ಅರಿಸೆಲು ಮಾಡುವುದು ಅವರ ಪದ್ಧತಿ. ನಾವು ಕಜ್ಜಾಯ ಎನ್ನುವುದು ಅದನ್ನೇ. ಬೀಗರು ಡಬ್ಬಿ ತುಂಬ ತಂದರು. ನನ್ನ ಹೆಂಡತಿ ಕಾಲಿಗೆ ಗೆಜ್ಜೆ ಕಟ್ಟಿದಳು. ಗೆಜ್ಜೆ ಬರೀ ಅಲಂಕಾರವಲ್ಲ. ಕೂಸು ಯಾವ ಕೋಣೆಯಲ್ಲಿದೆಯೆಂದು ಒಲೆಯ ಮುಂದೆ ಕುಳಿತವರಿಗೆ ತಿಳಿಸುವ ಸಾಧನ.

ಇಲ್ಲಿಂದ ನಮ್ಮ ತಿರುಗಾಟ ಶುರುವಾಯಿತು. ಮೊದಲ ತಿರುಗಾಟ ನಮ್ಮ ಓಣಿಯ ತುದಿಯ ಬೇವಿನ ಮರದವರೆಗೆ. ನನ್ನ ಕಾಲಿಗೆ ಎರಡು ನಿಮಿಷದ ದಾರಿ, ಕೂಸಿನ ಕಾಲಿಗೆ ನಲವತ್ತು ನಿಮಿಷ. ಹಾದಿಯಲ್ಲಿ ಒಂದು ಕೋಳಿ, ಒಂದು ಬಾಟಲಿ ಮುಚ್ಚಳ, ಮೂರು ಬೆಣಚುಕಲ್ಲು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಎತ್ತಿಕೊಂಡು ನಡೆದುಬಿಡುತ್ತಿದ್ದೆ. ಕೂಸು ಚೀರುತ್ತಿತ್ತು. ಆಮೇಲೆ ಅರ್ಥವಾಯಿತು, ಅದಕ್ಕೆ ಮರ ಮುಟ್ಟಬೇಕಾಗಿಲ್ಲ, ನಡೆಯಬೇಕಾಗಿದೆ.

ಎರಡನೆಯದು ಜಹೀರಾಬಾದ್ ರೈಲು ನಿಲ್ದಾಣ. ವಿಕಾರಾಬಾದಿನಿಂದ ಬೀದರ ಕಡೆಗೆ ಹೋಗುವ ಗಾಡಿ ತೋರಿಸುವುದು. ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಕೂಸಿನ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಬೆರಳು ಜಾರಿ ಹೋಗುತ್ತದೆ. 5 ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಬೇಡವಾದರೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ.

ಮೂರನೆಯದು ಬೀದರ ಕೋಟೆ. ಬಸ್ಸಿನಲ್ಲಿ ಹೋದೆವು. 2023ರ ಡಿಸೆಂಬರಿನಿಂದ ತೆಲಂಗಾಣದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಾದರೂ ಅದು ಗಡಿಯವರೆಗೆ ಮಾತ್ರ. ಗಡಿಯಿಂದ ಮುಂದಕ್ಕೆ ನನ್ನ ಹೆಂಡತಿಗೂ ಟಿಕೆಟ್ ತೆಗೆದೆ. ನನಗೆ ರಂಗೀನ್ ಮಹಲ್ ತೋರಿಸುವ ಆಸೆ. ಕೂಸು ಹುಲ್ಲುಹಾಸಿನ ಅಂಚಿನಲ್ಲಿ ಇರುವೆ ಸಾಲು ಕಂಡು ಕುಳಿತಿತು. ಒಂದು ಗಂಟೆ ಇರುವೆ ನೋಡಿ, ರೊಟ್ಟಿ ತಿಂದು, ವಾಪಸ್ಸು ಬಂದೆವು. ಅನುಭವದಿಂದ ಹೇಳುತ್ತೇನೆ: ದಿನಕ್ಕೆ ಒಂದೇ ಜಾಗ, ಅದೂ ಮಧ್ಯಾಹ್ನದ ನಿದ್ದೆಗೆ ಮುಂಚೆ. ಕುದಿಸಿ ಆರಿಸಿದ ನೀರು, ಒಂದು ಜೊತೆ ಹೆಚ್ಚಿನ ಬಟ್ಟೆ, ಟೋಪಿ. ಇಷ್ಟಿದ್ದರೆ ಸಾಕು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಜಾತ್ರೆಗೆ ಹೋಗಿದ್ದೆವು. ಊರಿನ ಹೆಸರು ಬೇಡ. ತಪ್ಪು ಊರಿನದಲ್ಲ, ನನ್ನದು. ಹಳೆಯ ಗಿರಾಕಿಯೊಬ್ಬರು ಸಿಕ್ಕು ಬೆಳೆಸಾಲದ ಮಾತು ತೆಗೆದರು. ನಾನು ಬಡ್ಡಿಯ ಲೆಕ್ಕ ಬಿಡಿಸುತ್ತ ನಿಂತೆ. ಕೈಯಲ್ಲಿದ್ದ ಕೈ ಯಾವಾಗ ಬಿಟ್ಟಿತೋ ತಿಳಿಯಲಿಲ್ಲ. ಆ ಗದ್ದಲದಲ್ಲಿ ಗೆಜ್ಜೆಯೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ಕೊಳದ ಎರಡನೆಯ ಮೆಟ್ಟಿಲಿನ ಮೇಲೆ ಗುರುತಿಲ್ಲದ ಒಬ್ಬ ಮುದುಕಿ ಕೂಸಿನ ಲಂಗ ಹಿಡಿದುಕೊಂಡು ನಿಂತಿದ್ದಳು. ಆಕೆ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಝರಾಸಂಗಮದ ಕೇತಕಿ ಸಂಗಮೇಶ್ವರಕ್ಕೆ ಹೋದರೂ, ಮಂಜೀರಾ ದಂಡೆಗೆ ಹೋದರೂ ಈಗ ನಮ್ಮದೊಂದು ನಿಯಮ: ನೀರಿರುವಲ್ಲಿ ಒಬ್ಬರ ಕೆಲಸ ಕೂಸಿನ ಕೈ ಹಿಡಿಯುವುದು ಮಾತ್ರ. ಕೈ ಬದಲಾಯಿಸುವಾಗ ಬಾಯಿಬಿಟ್ಟು ಹೇಳಬೇಕು: ನಾನು ಬಿಟ್ಟೆ, ನೀನು ಹಿಡಿ. ನಗದು ಎಣಿಸಿ ಒಪ್ಪಿಸಿದ ಹಾಗೆ.

ಕೊನೆಯದಾಗಿ ಭಾಷೆಯ ಮಾತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಭಾಗಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಹೋದವು, 2014ರಿಂದ ತೆಲಂಗಾಣ. ನಮ್ಮ ಮನೆಗಳಲ್ಲಿ ಎರಡು ನುಡಿ ಬೆರೆತು ಮೂರು ತಲೆಮಾರಾಯಿತು. ಆದರೂ ಕೆಲವರು ಸೊಸೆಗೆ ಹೇಳಿದರು: ಎರಡು ಭಾಷೆ ಮಾತಾಡಿದರೆ ಕೂಸಿಗೆ ಮಾತು ತಡವಾಗುತ್ತದೆ, ಕನ್ನಡ ಬಿಡಿಸಿ. ಇದು ನಿಜವಲ್ಲ. ಎರಡು ನುಡಿ ಕೇಳಿ ಬೆಳೆದ ಕೂಸಿನ ಶಬ್ದಗಳನ್ನು ಎಣಿಸುವಾಗ ಎರಡನ್ನೂ ಕೂಡಿಸಬೇಕು. ಒಂದೇ ನುಡಿಯ ಶಬ್ದ ಎಣಿಸಿ ಕಡಿಮೆಯಾಯಿತು ಎಂದರೆ ಅದು ಎರಡು ಖಾತೆಯಿದ್ದವನ ಒಂದೇ ಪಾಸ್‌ಬುಕ್ ನೋಡಿ ಬಡವನೆಂದ ಹಾಗೆ.

ಕೂಸು ಶಬ್ದ ಕಲಿಯುವುದು ಇಂಥ ತಿರುಗಾಟದಲ್ಲೇ. ಅದು ಯಾವುದರ ಮುಂದೆ ನಿಲ್ಲುತ್ತದೋ ಆ ಹೊತ್ತಿಗೆ ಅದರ ಹೆಸರು ಹೇಳಬೇಕು. ನಾನು "ಬಾ" ಎನ್ನುತ್ತೇನೆ, ಸೊಸೆ "ರಾ" ಎನ್ನುತ್ತಾಳೆ. ಕೂಸು ಇಬ್ಬರ ಕಡೆಗೂ ಬರುತ್ತದೆ. ನಾನು "ನಡಿ" ಎಂದರೆ ಬೀಗರು "ನಡು" ಎನ್ನುತ್ತಾರೆ. ಕಾಲಿಗೆ ಇಬ್ಬರೂ ಕಾಲೆಂದೇ ಅನ್ನುತ್ತೇವೆ. ನಾನು ಮುತ್ಯಾ, ಅವರು ತಾತ. ಕೂಸಿಗೆ ಯಾವ ಗೊಂದಲವೂ ಇಲ್ಲ, ಗೊಂದಲವೆಲ್ಲ ನಮ್ಮದು.

ಬರುವ ಜೂನ್ ತಿಂಗಳಲ್ಲಿ ಕೂಸು ಹೈದರಾಬಾದಿಗೆ ಹೋಗುತ್ತದೆ. ಅಲ್ಲಿ ಕನ್ನಡ ಎಷ್ಟು ಕಿವಿಗೆ ಬೀಳುತ್ತದೋ ಗೊತ್ತಿಲ್ಲ. ಫೋನಿನಲ್ಲಿ ದಿನವೂ ಮಾತಾಡುತ್ತೇನೆಂದು ಮಗನಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ದಿನಾ ಸಂಜೆ ಐದಕ್ಕೆ ನಾವಿಬ್ಬರೂ ಬೇವಿನ ಮರದ ಕಡೆಗೆ ಹೊರಡುತ್ತೇವೆ. ನೆನ್ನೆ ಅದು ಮರ ಮುಟ್ಟಿ "ಬೇವು" ಅಂದಿತು. ಸ್ವಲ್ಪ ಹೊತ್ತಿಗೆ "ವೇಪ" ಎಂದೂ ಅಂದಿತು. ತಾವೂ ನಿಮ್ಮ ಮನೆಯ ಕೂಸನ್ನು ಇಂದು ಸಂಜೆ ಕಂಕುಳಿಂದ ಇಳಿಸಿ, ಅದು ನಡೆದಷ್ಟು ದೂರ ಜೊತೆಗೆ ಹೋಗಿ ಬನ್ನಿ.