ಡಿಜಿಟಲ್ ಬರವಣಿಗೆಯ ಸ್ನಾತಕೋತ್ತರ ಓದಿನಲ್ಲಿ ಏನು ಕಲಿಸುತ್ತಾರೆ?

ಡಿಜಿಟಲ್ ಬರವಣಿಗೆ ಮತ್ತು ಆನ್‌ಲೈನ್ ಪ್ರಕಾಶನದ ಸ್ನಾತಕೋತ್ತರ ಓದು ಸಾಮಾನ್ಯವಾಗಿ ಮೂರು ಕವಲುಗಳಲ್ಲಿ ಸಾಗುತ್ತದೆ: ಬರವಣಿಗೆ, ತಂತ್ರಜ್ಞಾನ ಮತ್ತು ಪ್ರಕಾಶನದ ವ್ಯವಹಾರ. ಕೆನಡಾದ ಸೈಮನ್ ಫ್ರೇಸರ್ ಹಾಗೂ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯಗಳು ಪ್ರಕಾಶನದ ಸ್ನಾತಕೋತ್ತರ ಶಿಕ್ಷಣಕ್ಕೆ ಹೆಸರಾಗಿವೆ.

ಬರವಣಿಗೆಯ ಭಾಗದಲ್ಲಿ ಪರದೆಗೆಂದೇ ಹುಟ್ಟಿದ ಸಾಹಿತ್ಯದ ಅಧ್ಯಯನವಿರುತ್ತದೆ. ಅಮೆರಿಕದ ಮೈಕಲ್ ಜಾಯ್ಸ್ 1987ರಲ್ಲಿ ರಚಿಸಿದ ‘ಆಫ್ಟರ್‌ನೂನ್, ಎ ಸ್ಟೋರಿ’ ಇದಕ್ಕೆ ಪ್ರಸಿದ್ಧ ಉದಾಹರಣೆ. ಓದುಗ ಯಾವ ಪದವನ್ನು ಒತ್ತುತ್ತಾನೆ ಎಂಬುದರ ಮೇಲೆ ಕಥೆಯ ದಾರಿಯೇ ಬದಲಾಗುತ್ತದೆ.

ತಂತ್ರಜ್ಞಾನದ ಭಾಗದಲ್ಲಿ 2007ರಲ್ಲಿ ಮಾನಕವಾದ ಇ-ಪುಸ್ತಕ ರೂಪ ‘ಇಪಬ್’ ಮುಖ್ಯ. ಇಪಬ್ ಕಡತವೆಂದರೆ ಒಂದು ಜಿಪ್ ಗಂಟು. ಬಿಚ್ಚಿದರೆ ಅಧ್ಯಾಯಗಳ ಕಡತಗಳು, ಅಕ್ಷರವಿನ್ಯಾಸದ ಸೂಚನೆಗಳು, ಚಿತ್ರಗಳು, ಪುಸ್ತಕದ ವಿವರಪಟ್ಟಿ ಬೇರೆಬೇರೆಯಾಗಿ ಸಿಗುತ್ತವೆ. ಲಿಪಿಯ ಸಂಕೇತಗಳನ್ನು ಅರಿಯುವುದೂ ಅಷ್ಟೇ ಅಗತ್ಯ. ಯೂನಿಕೋಡ್‌ನಲ್ಲಿ ‘ಅಕ್ಕ’ ಎಂಬ ಪದ ಅ, ಕ, ಹಲಂತ ಚಿಹ್ನೆ (್), ಕ ಎಂಬ ನಾಲ್ಕು ಸಂಕೇತಗಳಾಗಿ ಉಳಿಯುತ್ತದೆ. ಒತ್ತಕ್ಷರದ ರೂಪ ಕೊಡುವುದು ಫಾಂಟ್. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಾದ ಕನ್ನಡ ಪುಸ್ತಕಗಳು ಯೂನಿಕೋಡ್‌ಗೆ ಬದಲಾಗದಿದ್ದರೆ ಹುಡುಕಾಟದಲ್ಲಿ ಸಿಗುವುದಿಲ್ಲ.

ವ್ಯವಹಾರದ ಭಾಗದಲ್ಲಿ ಹಕ್ಕುಸ್ವಾಮ್ಯ, ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಬೆಲೆ ನಿಗದಿ ಮತ್ತು ಮಾರಾಟ ಬರುತ್ತವೆ. ದೃಷ್ಟಿ ಇಲ್ಲದವರಿಗೂ ಪುಸ್ತಕ ಮುಟ್ಟುವಂತೆ ರೂಪಿಸುವುದು ಈ ವೃತ್ತಿಯ ಮೂಲ ಧರ್ಮ.

ಸೇರಬಯಸುವವರು ಮೊದಲು ಉಚಿತ ತಂತ್ರಾಂಶ ‘ಸಿಜಿಲ್’ನಲ್ಲಿ ತಮ್ಮದೊಂದು ಕಥೆಯನ್ನು ಇಪಬ್ ಮಾಡಿ ನೋಡಲಿ. ಈ ಓದು ತಮಗೆ ಒಗ್ಗುತ್ತದೆಯೇ ಎಂಬುದು ಆ ಕೆಲಸದಲ್ಲೇ ತಿಳಿಯುತ್ತದೆ.