ಭಾವ್‌ಕಾಪಿ ಓದುವ ವಿದ್ಯೆ

ಮಗಳು ಎಂಎಸ್ಸಿ ಫೈನಾನ್ಸ್ ಸೇರಿದ್ದಾಳೆ ಎಂದರೆ ಸಾಕು, ಡೊಂಬಿವಲಿಯಿಂದ ದಹಿಸರ್‌ವರೆಗಿನ ನಮ್ಮ ಕನ್ನಡ ಮನೆಗಳಲ್ಲಿ ಮೊದಲು ಬರುವ ಮಾತು ‘ಹಾಗಾದರೆ ಯಾವ ಷೇರು ತಗೊಳ್ಳಲಿ, ಹೇಳಮ್ಮ’ ಎಂಬುದು. ಅವಳ ಪಠ್ಯದಲ್ಲಿರುವ ರಿಸರ್ಚ್ ಮೆಥಡಾಲಜಿಗೂ ಆ ಪ್ರಶ್ನೆಗೂ ಹೆಚ್ಚಿನ ನಂಟಿಲ್ಲ. ಹಣಕಾಸಿನ ಬಗ್ಗೆ ಯಾರೋ ಆಡಿದ ಒಂದು ಮಾತನ್ನು ಡೇಟಾದ ಎದುರು ನಿಲ್ಲಿಸಿ, ಅದು ಉಳಿಯುತ್ತದೋ ಬೀಳುತ್ತದೋ ನೋಡುವುದನ್ನು ಅಲ್ಲಿ ಕಲಿಸುತ್ತಾರೆ. ಕಾಲಿನಾದ ಮುಂಬೈ ವಿಶ್ವವಿದ್ಯಾಲಯದಲ್ಲಿ, ಪೊವಾಯಿಯ ಐಐಟಿಯಲ್ಲಿ, ರಿಸರ್ವ್ ಬ್ಯಾಂಕ್ 1987ರಲ್ಲಿ ಸ್ಥಾಪಿಸಿದ ಗೋರೆಗಾಂವ್‌ನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯಲ್ಲಿ ಓದುವವರಿಗೆ ಒಂದು ಅನುಕೂಲವಿದೆ. ಅವರು ಲೆಕ್ಕ ಹಾಕುವ ಅಂಕಿಗಳು ಬಾಂಬೆ ಷೇರು ವಿನಿಮಯ ಕೇಂದ್ರದ (ಬಿಎಸ್‌ಇ) ದಲಾಲ್ ಸ್ಟ್ರೀಟ್, ರಿಸರ್ವ್ ಬ್ಯಾಂಕಿನ ಮಿಂಟ್ ರೋಡ್, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ (ಎನ್‌ಎಸ್‌ಇ) ಮತ್ತು ಸೆಬಿ ಇರುವ ಬಿಕೆಸಿಗಳಲ್ಲಿ, ಅಂದರೆ ಲೋಕಲ್ ರೈಲು ಹಿಡಿದು ಹೋಗಿಬರುವಷ್ಟು ದೂರದಲ್ಲೇ ಹುಟ್ಟುತ್ತವೆ. ಆದರೂ ಈ ವಿಷಯದ ಸುತ್ತ ಬೆಳೆದಿರುವ ತಪ್ಪು ಕಲ್ಪನೆಗಳು ಬಹಳ. ಅಂಕಿ ಎಲ್ಲಿಂದ, ಹೇಗೆ ಬಂತು ಎಂದು ಕೇಳದೇ ಇರುವುದೇ ಅವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಡೇಟಾ ಡೌನ್‌ಲೋಡ್ ಆಯಿತು, ಇನ್ನು ರಿಗ್ರೆಷನ್ ಓಡಿಸುವುದಷ್ಟೇ ಬಾಕಿ.’

ಎಲ್ಲಕ್ಕಿಂತ ಹೆಚ್ಚು ಪ್ರಬಂಧಗಳನ್ನು ಕೆಡಿಸುವ ನಂಬಿಕೆ ಇದು. ಷೇರು ವಿನಿಮಯ ಕೇಂದ್ರಗಳು ದಿನದ ವಹಿವಾಟು ಮುಗಿದ ಮೇಲೆ ಹೊರಡಿಸುವ ಭಾವ್‌ಕಾಪಿಯನ್ನೇ ನೋಡಿ. ಎನ್‌ಎಸ್‌ಇಯ ಕಡತದಲ್ಲಿ ಒಂದೊಂದು ಷೇರಿಗೂ ಒಂದು ಸಾಲು. ಅದರಲ್ಲಿ ‘ಕ್ಲೋಸ್’ ಎಂಬ ಕಾಲಂ ಬೇರೆ, ‘ಲಾಸ್ಟ್’ ಎಂಬ ಕಾಲಂ ಬೇರೆ. ದಿನದ ಕೊನೆಯ ವ್ಯವಹಾರ ನಡೆದ ಬೆಲೆ ‘ಲಾಸ್ಟ್’. ‘ಕ್ಲೋಸ್’ ಎಂದು ಬಹುಕಾಲದಿಂದ ಕೊಡುತ್ತ ಬಂದಿರುವುದು ಕೊನೆಯ ಅರ್ಧ ಗಂಟೆಯ ವಹಿವಾಟಿನ ಸರಾಸರಿ ಬೆಲೆಯನ್ನು. ಎರಡೂ ಒಂದೇ ಎಂದುಕೊಂಡು ಲೆಕ್ಕ ಶುರುಮಾಡುವವರು ಎಷ್ಟೋ ಮಂದಿ.

ಇನ್ನು ಬೋನಸ್ ಷೇರಿನ ಸಂಗತಿ. 2018ರ ಸೆಪ್ಟೆಂಬರ್‌ನಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. ಕೈಯಲ್ಲಿದ್ದ ಷೇರು ಎರಡರಷ್ಟಾದವು, ಒಂದೊಂದರ ಬೆಲೆ ಅರ್ಧಕ್ಕೆ ಇಳಿಯಿತು, ಹೂಡಿಕೆದಾರನ ಗಂಟು ಇದ್ದಷ್ಟೇ ಇತ್ತು. ಹೊಂದಾಣಿಕೆ ಮಾಡದ ಬೆಲೆಗಳನ್ನು ಎಕ್ಸೆಲ್‌ಗೆ ಹಾಕಿದರೆ ಮಾತ್ರ ಇನ್ಫೋಸಿಸ್ ಒಂದೇ ದಿನದಲ್ಲಿ ಶೇ 50ರಷ್ಟು ಕುಸಿದಂತೆ ಕಾಣುತ್ತದೆ. ಸಾಫ್ಟ್‌ವೇರ್ ಇದನ್ನು ಎಚ್ಚರಿಸುವುದಿಲ್ಲ. ಕೊಟ್ಟದ್ದನ್ನು ಲೆಕ್ಕ ಹಾಕಿ ಮುಂದೆ ಹೋಗುತ್ತದೆ.

ಹಾಗೆಂದು ವಿಚಿತ್ರವಾಗಿ ಕಂಡ ಅಂಕಿಗಳನ್ನೆಲ್ಲ ಅಳಿಸಿಹಾಕುವುದೂ ಅಷ್ಟೇ ತಪ್ಪು. ಏಷ್ಯನ್ ಪೇಂಟ್ಸ್ ಷೇರುಗಳನ್ನು ಹಿಡಿದಿಟ್ಟುಕೊಂಡಿರುವ ಮುಂಬೈಯ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯ ಷೇರಿನ ಬೆಲೆ ಬಿಎಸ್‌ಇಯಲ್ಲಿ 3.53 ರೂಪಾಯಿ ಇತ್ತು. ಆ ಬೆಲೆಗೆ ಮಾರುವವರೇ ಇರಲಿಲ್ಲ. ಇಂಥ ಹಿಡುವಳಿ ಕಂಪನಿಗಳಿಗೆಂದೇ ವಿಶೇಷ ಹರಾಜು ನಡೆದ ಮೇಲೆ, 2024ರ ಅಕ್ಟೋಬರ್ 29ರಂದು ಅದೇ ಷೇರು 2,36,250 ರೂಪಾಯಿಗೆ ಮುಗಿಯಿತು. ಬೆರಳಚ್ಚಿನ ತಪ್ಪೆಂದು ಯಾರಿಗಾದರೂ ಅನ್ನಿಸುವ ಈ ಬೆಲೆ ನಿಜವಾದದ್ದೇ. ಈಗ ಇದೂ ಸೇರಿ 500 ಕಂಪನಿಗಳ ಆ ದಿನದ ಸರಾಸರಿ ಗಳಿಕೆ ತೆಗೆಯಿರಿ. ಉಳಿದ 499 ಒಂದು ಪೈಸೆಯೂ ಕದಲದಿದ್ದರೂ ಸರಾಸರಿ ಶೇ 13,000 ದಾಟುತ್ತದೆ. ಈ ಸಾಲನ್ನು ಇಟ್ಟುಕೊಳ್ಳಬೇಕೇ, ಮಿತಿ ಹಾಕಿ ತಗ್ಗಿಸಬೇಕೇ, ಕೈಬಿಡಬೇಕೇ? ಅದನ್ನು ತೀರ್ಮಾನಿಸಲು ಆ ಹರಾಜಿನ ಕಥೆ ತಿಳಿದಿರಬೇಕು. ತೀರ್ಮಾನವನ್ನೂ ಅದರ ಕಾರಣವನ್ನೂ ಪ್ರಬಂಧದಲ್ಲಿ ಬರೆಯಬೇಕು.

‘ಇವತ್ತಿನ ಸೆನ್ಸೆಕ್ಸ್‌ನ 30 ಕಂಪನಿ ಹಿಡಿದು ಇಪ್ಪತ್ತು ವರ್ಷ ಹಿಂದಕ್ಕೆ ಹೋದರಾಯಿತು.’

ಹೋದರೆ ಅಂದಿನ ಮಾರುಕಟ್ಟೆ ಕಾಣುವುದಿಲ್ಲ, ಬದುಕುಳಿದವರು ಮಾತ್ರ ಕಾಣುತ್ತಾರೆ. ಸತ್ಯಂ ಕಂಪ್ಯೂಟರ್ಸ್ ಸೆನ್ಸೆಕ್ಸ್‌ನಲ್ಲಿತ್ತು; 2009ರ ಜನವರಿ 7ರಂದು ಲೆಕ್ಕಪತ್ರ ತಿರುಚಿದ್ದನ್ನು ಒಪ್ಪಿಕೊಂಡ ಅದರ ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಹೊರಬಿದ್ದ ಮೇಲೆ ಅದೇ ತಿಂಗಳು ಪಟ್ಟಿಯಿಂದ ಹೊರಹೋಯಿತು. ರಿಲಯನ್ಸ್ ಕಮ್ಯುನಿಕೇಷನ್ಸ್, ಜೈಪ್ರಕಾಶ್ ಅಸೋಸಿಯೇಟ್ಸ್ ಕೂಡ ಒಂದು ಕಾಲಕ್ಕೆ ಆ ಮೂವತ್ತರಲ್ಲಿದ್ದವು. ಮುಂದೆ ದಿವಾಳಿ ಪ್ರಕ್ರಿಯೆಗೆ ಒಳಗಾದವು. ಇವುಗಳ ಷೇರು ಹಿಡಿದು ಕೈಸುಟ್ಟುಕೊಂಡವರ ನಷ್ಟವನ್ನು ಲೆಕ್ಕದಿಂದಲೇ ಕೈಬಿಟ್ಟು ‘ದೀರ್ಘಾವಧಿ ಹೂಡಿಕೆ ಲಾಭದಾಯಕ’ ಎಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಆಯಾ ವರ್ಷ ಪಟ್ಟಿಯಲ್ಲಿ ಯಾವ ಕಂಪನಿಗಳಿದ್ದವೋ ಅವನ್ನೇ ತೆಗೆದುಕೊಳ್ಳಬೇಕು.

ಇಂಥ ಅಧ್ಯಯನಕ್ಕೆ ಲಕ್ಷಾಂತರ ರೂಪಾಯಿಯ ಡೇಟಾಬೇಸ್ ಬೇಕು ಎಂಬುದೂ ಪೂರ್ತಿ ನಿಜವಲ್ಲ. ಮುಂಬೈಯ ಸಿಎಂಐಇ ಸಂಸ್ಥೆಯ ‘ಪ್ರೋವೆಸ್’ಗೆ ಹಣ ಕೊಡಬೇಕು ನಿಜ, ಆದರೆ ಎಷ್ಟೋ ಕಾಲೇಜು ಗ್ರಂಥಾಲಯಗಳಲ್ಲಿ ಅದು ಸಿಗುತ್ತದೆ. ಅಗರ್ವಾಲ್ಲಾ, ಜೇಕಬ್, ವರ್ಮಾ ಎಂಬ ಐಐಎಂ ಅಹಮದಾಬಾದ್‌ನ ಪ್ರಾಧ್ಯಾಪಕರು ಭಾರತದ ಷೇರುಪೇಟೆಯ ಫ್ಯಾಕ್ಟರ್ ಗಳಿಕೆಗಳನ್ನು (ಕಂಪನಿಯ ಗಾತ್ರದಂಥ ಗುಣಗಳಿಗೆ ತಕ್ಕಂತೆ ಬರುವ ಗಳಿಕೆ) ಲೆಕ್ಕ ಹಾಕಿ ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ.

‘ಅಮೆರಿಕದ ಪುಸ್ತಕದಲ್ಲಿರುವ ಪರೀಕ್ಷೆಯನ್ನು ಇಲ್ಲಿನ ಡೇಟಾಗೆ ಹಚ್ಚಿದರೆ ಸಂಶೋಧನೆ.’

ಸೋಮವಾರ ಷೇರುಗಳ ಗಳಿಕೆ ಕಡಿಮೆ ಎಂಬ ಹಳೆಯ ಅಮೆರಿಕನ್ ಶೋಧವನ್ನು ತೊಂಬತ್ತರ ದಶಕದ ಕೊನೆಯ ಭಾಗದ ಮುಂಬೈಗೆ ತಂದು ನೋಡಿ. ಆಗ ಇಡೀ ವಾರದ ವಹಿವಾಟಿನ ಲೆಕ್ಕ ಒಟ್ಟಿಗೇ ಚುಕ್ತಾ ಆಗುತ್ತಿತ್ತು. ಬಿಎಸ್‌ಇಯ ವಾರ ಸೋಮವಾರದಿಂದ ಶುಕ್ರವಾರ, ಎನ್‌ಎಸ್‌ಇಯದು ಬುಧವಾರದಿಂದ ಮಂಗಳವಾರ. ವಾರದ ಮೊದಲ ದಿನ ಕೊಂಡವನಿಗೆ ಹಣ ಕಟ್ಟಲು ಹೆಚ್ಚು ದಿನ ಸಿಗುತ್ತಿದ್ದರಿಂದ ಬೆಲೆಯ ಮೇಲೂ ಅದರ ನೆರಳು ಬೀಳಬಹುದಿತ್ತು. ಅಂದರೆ ಒಂದೇ ಕಂಪನಿಯ ಷೇರಿಗೆ ದಲಾಲ್ ಸ್ಟ್ರೀಟ್‌ನಲ್ಲಿ ಸೋಮವಾರಕ್ಕಿದ್ದ ಅರ್ಥ ಎನ್‌ಎಸ್‌ಇಯಲ್ಲಿ ಇರಲಿಲ್ಲ. 2001ರ ಜುಲೈಯಲ್ಲಿ ಪ್ರಮುಖ ಷೇರುಗಳಿಗೆ ರೋಲಿಂಗ್ ಸೆಟಲ್‌ಮೆಂಟ್, ಅಂದರೆ ಆಯಾ ದಿನದ ವಹಿವಾಟನ್ನು ಪ್ರತ್ಯೇಕವಾಗಿ ಚುಕ್ತಾ ಮಾಡುವ ಪದ್ಧತಿ, ಬಂದು ಈ ವ್ಯತ್ಯಾಸ ಹೋಯಿತು. ಇದನ್ನು ತಿಳಿಯದೆ ಎರಡೂ ಅವಧಿಯನ್ನು ಬೆರೆಸಿದವರ ಫಲಿತಾಂಶಕ್ಕೆ ಅರ್ಥವೇ ಉಳಿಯುವುದಿಲ್ಲ.

ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನದೂ ಇದೇ ಪಾಡು. ಲೆಕ್ಕ ಮಾರ್ಚ್‌ನದ್ದಾದರೂ ವಾರ್ಷಿಕ ಫಲಿತಾಂಶ ಪ್ರಕಟಿಸಲು ಕಂಪನಿಗಳಿಗೆ 60 ದಿನಗಳ ಗಡುವಿದೆ. ಮೇ ಕೊನೆಗೆ ಹೊರಬೀಳುವ ಲಾಭದ ಅಂಕಿಯಿಂದ ಏಪ್ರಿಲ್‌ನ ಷೇರು ಆಯ್ಕೆ ಮಾಡಿದರೆ ನಾಳಿನ ಪತ್ರಿಕೆ ಓದಿ ಇವತ್ತು ಹಣ ಹೂಡಿದಂತಾಗುತ್ತದೆ.

‘ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂತು, ಸಾಬೀತಾಯಿತು.’

ಏನೂ ಸಂಬಂಧವಿಲ್ಲದ ಕಡೆಯೂ ಇಪ್ಪತ್ತು ಸಲ ಹುಡುಕಿದರೆ ಸರಾಸರಿ ಒಂದು ಸಲ ಅಷ್ಟು ಬಂದೇ ಬರುತ್ತದೆ. ಹಾರ್ವಿ, ಲಿಯು, ಝೂ ಎಂಬ ಸಂಶೋಧಕರು 2016ರಲ್ಲಿ, ಷೇರು ಗಳಿಕೆಯನ್ನು ವಿವರಿಸುತ್ತವೆ ಎಂದು ಪ್ರಕಟವಾಗಿದ್ದ 300ಕ್ಕೂ ಹೆಚ್ಚು ಅಂಶಗಳನ್ನು ಪಟ್ಟಿ ಮಾಡಿ, ಹೊಸದೊಂದನ್ನು ಒಪ್ಪಬೇಕಾದರೆ ಪಿ-ವ್ಯಾಲ್ಯೂ 0.05ಕ್ಕೆ ಸರಿಸುಮಾರು ಸಮನಾದ ಟಿ-ಮೌಲ್ಯ 2 ಸಾಲದು, 3 ದಾಟಬೇಕು ಎಂದು ವಾದಿಸಿದರು. ಸಾಲುಗಳ ಸಂಖ್ಯೆಯೂ ಹೀಗೇ ಮೋಸ ಮಾಡುತ್ತದೆ. 2,000 ಕಂಪನಿ, 15 ವರ್ಷ ಎಂದರೆ 30,000 ಸಾಲು ನಿಜ. ಆದರೆ ಒಂದೇ ಕಂಪನಿಯ ಈ ವರ್ಷ, ಹೋದ ವರ್ಷಗಳಿಗೆ ನಂಟಿರುವುದರಿಂದ ಅವು 30,000 ಸ್ವತಂತ್ರ ಸಾಕ್ಷಿಗಳಲ್ಲ. ಕಂಪನಿವಾರು ಗುಂಪು ಮಾಡಿ ದೋಷದ ಅಳತೆ ತೆಗೆಯಬೇಕು.

‘ಎರಡೂ ಒಟ್ಟಿಗೆ ಏರಿದವು, ಹಾಗಾಗಿ ಇದರಿಂದಲೇ ಅದು.’

ಒಟ್ಟಿಗೆ ಆದದ್ದೆಲ್ಲ ಒಂದರಿಂದ ಇನ್ನೊಂದು ಆದದ್ದಲ್ಲ; ಕಾರಣ ಯಾವುದೆಂದು ಹೇಳಲು ಹೋಲಿಕೆ ಬೇಕು. 2016ರ ನವೆಂಬರ್ 8ರ ನೋಟು ರದ್ದತಿಯ ಪರಿಣಾಮ ಅಳೆಯಲು ಹೊರಟವರಿಗೆ ಆ ಹೋಲಿಕೆ ಸಿಗುವುದೇ ಕಷ್ಟವಾಗಿತ್ತು. ಇಡೀ ದೇಶಕ್ಕೆ ಒಂದೇ ರಾತ್ರಿ ಬಿದ್ದ ಪೆಟ್ಟು. ಹೋಲಿಸಲು ಪೆಟ್ಟು ತಿನ್ನದ ಇನ್ನೊಂದು ಭಾರತವಿಲ್ಲ. ಮೈಸೂರಿನಲ್ಲಿ ಓದಿ ಬೆಳೆದ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಮತ್ತು ಮೂವರು ಸಹಸಂಶೋಧಕರು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯದು. ಹೊಸ ನೋಟುಗಳು ಎಲ್ಲ ಜಿಲ್ಲೆಗೂ ಒಂದೇ ಪ್ರಮಾಣದಲ್ಲಿ ತಲುಪಿರಲಿಲ್ಲ. ನೋಟು ಹಂಚುವ ಖಜಾನೆಗಳಾದ ರಿಸರ್ವ್ ಬ್ಯಾಂಕಿನ ಕರೆನ್ಸಿ ಚೆಸ್ಟ್‌ಗಳ ದಾಖಲೆಯಿಂದ ಆ ಏರುಪೇರನ್ನು ಹಿಡಿದು, ನೋಟು ಹೆಚ್ಚು ಕೊರತೆಯಾದ ಜಿಲ್ಲೆಗಳನ್ನು ಕಡಿಮೆ ಕೊರತೆಯಾದ ಜಿಲ್ಲೆಗಳೊಂದಿಗೆ ಹೋಲಿಸಿದರು. ಚಟುವಟಿಕೆಯ ಅಳತೆಗೆ ಉಪಗ್ರಹ ಸೆರೆಹಿಡಿದ ರಾತ್ರಿ ಬೆಳಕನ್ನೂ ಬಳಸಿದರು. ಕೊರತೆ ಹೆಚ್ಚಿದ್ದಲ್ಲಿ ಆರ್ಥಿಕ ಚಟುವಟಿಕೆ ಹೆಚ್ಚು ಕುಗ್ಗಿತ್ತು, ಬ್ಯಾಂಕ್ ಸಾಲದ ಬೆಳವಣಿಗೆ ತಗ್ಗಿತ್ತು, ನಗದುರಹಿತ ಪಾವತಿ ಬೇಗ ಹರಡಿತ್ತು. 2020ರಲ್ಲಿ ಪ್ರಕಟವಾದ ಈ ಲೇಖನವನ್ನು ಪ್ರತಿ ವಿದ್ಯಾರ್ಥಿಯೂ ಪ್ರಬಂಧದ ವಿಷಯ ಆರಿಸುವ ಮೊದಲು ಓದಬೇಕು.

‘ಮಾದರಿ ಎಷ್ಟು ಜಟಿಲವೋ ಸಂಶೋಧನೆ ಅಷ್ಟು ದೊಡ್ಡದು.’

ಗಣಿತ ಬೇಡವೆಂದಲ್ಲ; ಸಂಖ್ಯಾಶಾಸ್ತ್ರದ ತಳಹದಿ ಗಟ್ಟಿಯಿರಲೇಬೇಕು. ವೈವಾದಲ್ಲಿ ಬೆಲೆಯ ಏರಿಳಿತ ಅಳೆಯುವ ಗಾರ್ಚ್ ಮಾದರಿಯ ಹೆಸರು ಹೇಳಿ, ಅದನ್ನೇ ಏಕೆ ಬಳಸಿದಿರಿ ಎಂದಾಗ ತಡವರಿಸುವುದು ತಳಹದಿ ಇಲ್ಲದ್ದರ ಗುರುತು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮಾರುಕಟ್ಟೆಯ ಮೇಲೆ ಅತಿ ಹೆಚ್ಚು ಪರಿಣಾಮ ಬೀರಿದ ಅಧ್ಯಯನಗಳಲ್ಲೊಂದರಲ್ಲಿ ಇದ್ದದ್ದು ಎಣಿಕೆ, ಕೂಡುವುದು, ಕಳೆಯುವುದು. ಬಿಕೆಸಿಯಲ್ಲಿರುವ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ವಹಿವಾಟುದಾರರ ಮೂರು ವರ್ಷಗಳ ಫ್ಯೂಚರ್ಸ್-ಆಪ್ಷನ್ಸ್ ಲೆಕ್ಕ ಬಿಡಿಸಿತು. ದಲ್ಲಾಳಿ ಶುಲ್ಕ, ತೆರಿಗೆಗಳನ್ನೂ ಸೇರಿಸಿ ಪ್ರತಿಯೊಬ್ಬರಿಗೂ ಕೊನೆಗೆ ಏನು ಉಳಿಯಿತು ಎಂದು ನೋಡಿತು. ಶೇ 93ರಷ್ಟು ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮರು ತಿಂಗಳೇ ಸೆಬಿ ಕಾಂಟ್ರಾಕ್ಟ್‌ನ ಕನಿಷ್ಠ ಗಾತ್ರವನ್ನು 15 ಲಕ್ಷ ರೂಪಾಯಿಗೆ ಏರಿಸಿತು, ವಾರದ ಎಕ್ಸ್‌ಪೈರಿಯನ್ನು ಪ್ರತಿ ವಿನಿಮಯ ಕೇಂದ್ರದಲ್ಲಿ ಒಂದೇ ಸೂಚ್ಯಂಕಕ್ಕೆ ಸೀಮಿತಗೊಳಿಸಿತು.