ತಮ್ಮನ ಕೈ ಬಿಟ್ಟಿದ್ದು ಯಾಕೆ?



ಹೋದ ದೀಪಾವಳಿ ಸೂಟಿಯಲ್ಲಿ ನಾನು ಮತ್ತು ನನ್ನ ತಮ್ಮ ರಾಣೆಬೆನ್ನೂರಿನ ಅತ್ತಿ ಮನೆಗೆ ಹೋಗಿದ್ದೆವು. ಅಲ್ಲಿ ಮಕ್ಕಳು ಆಡುವ ಜಾಗದಲ್ಲಿ ಒಂದು ಕಬ್ಬಿಣದ ಚಕ್ರ ಇತ್ತು. ಅದರ ಮೇಲೆ ಹತ್ತಿ ನಿಂತು ಕಾಲಿನಿಂದ ನೆಲ ಒದ್ದರೆ ತಿರುಗುತ್ತದೆ. ಹಿಡಿದುಕೊಳ್ಳಲು ಅಂಚಿಗೆ ಸರಳು, ನಡುವೆ ಒಂದು ಕಂಬ ಇವೆ. ನಾವು ಐದು ಮಂದಿ ದೊಡ್ಡವರು. ತಮ್ಮ ಒಬ್ಬನೇ ಸಣ್ಣವ, ಎರಡನೇ ಇಯತ್ತೆ. ಎಲ್ಲರೂ ಅಂಚಿನಲ್ಲಿ ನಿಂತು ಚೆನ್ನಾಗಿ ತಿರುಗಿಸಿದೆವು. ಆಮೇಲೆ ನಾನೇ "ಎಲ್ಲಾರೂ ನಡುವಕ್ಕ ಬರ್ರಿ, ಇನ್ನೂ ಜೋರ್ ತಿರಗತೈತಿ" ಎಂದು ಕೂಗಿದೆ. ದೊಡ್ಡ ಹುಡುಗರು ಹಾಗೆ ಮಾಡುವುದನ್ನು ನೋಡಿದ್ದೆ. ಐದೂ ಮಂದಿ ಹೋಗಿ ಕಂಬ ಹಿಡಿದೆವು. ತಮ್ಮ ಅಂಚಿನಲ್ಲಿಯೇ ಉಳಿದ. ಚಕ್ರ ಗರ್ರನೆ ತಿರುಗಿತು. ಅವನು "ಯಕ್ಕಾ, ನಿಂದರಸ!" ಎಂದ. ಅಷ್ಟರಲ್ಲಿ ಕೈ ಬಿಟ್ಟು ದೂರ ಹೋಗಿ ಬಿದ್ದ. ಬಲಗೈಯ ಎಲುಬು ಮುರಿಯಿತು.

ಮನೆಯಲ್ಲಿ ಕೇಳಿದಾಗ ನಾನು "ಅವನೇ ಕೈ ಬಿಟ್ಟ" ಎಂದೆ. ಅಂದಿನಿಂದ ಎಲ್ಲರೂ ಅವನಿಗೆ "ಗಟ್ಟಿ ಹಿಡಕೊಳ್ಳಾಕ ಬರೂದಿಲ್ಲೇನಲೇ ನಿನಗ" ಎಂದು ಬೈಯುತ್ತಿದ್ದರು.

ಯಾರೂ ನೆಲ ಒದೆಯಲಿಲ್ಲ, ದೂಡಲಿಲ್ಲ. ಆದರೂ ಚಕ್ರ ಜೋರಾಗಿದ್ದು ಹೇಗೆ? ಇದನ್ನು ವಿಜ್ಞಾನದ ಅಕ್ಕೋರಿಗೆ ಕೇಳಿದೆ. ಅವರು ಮೊದಲು ಒಂದು ಪ್ರಯೋಗ ಮಾಡಿಸಿದರು. ನೀವೂ ಮಾಡಿ ನೋಡಿರಿ. ಹಳೆಯ ಬಾಲ್ ಪೆನ್ನಿನ ರಿಫಿಲ್ ತೆಗೆದು ಖಾಲಿ ಕೊಳವೆ ಇಟ್ಟುಕೊಳ್ಳಿರಿ. ಅದರಲ್ಲಿ ಗಟ್ಟಿ ದಾರ ತೂರಿಸಿ ಮೇಲಿನ ತುದಿಗೆ ಅಳಿಸುವ ರಬ್ಬರ್ ಕಟ್ಟಿರಿ. ಕಲ್ಲು ಕಟ್ಟಬೇಡಿರಿ, ಕಿಡಕಿ ಗಾಜು ಒಡೆದರೆ ನನ್ನ ಹೆಸರು ಹೇಳ್ತೀರಿ! ಕೆಳಗಿನ ತುದಿ ಇನ್ನೊಂದು ಕೈಯಲ್ಲಿ ಹಿಡಿದು ರಬ್ಬರನ್ನು ತಲೆಯ ಮೇಲೆ ತಿರುಗಿಸಿರಿ. ನಂತರ ಪೆನ್ನು ಅಲುಗಿಸದೆ ಕೆಳಗಿನ ದಾರ ಎಳೆಯಿರಿ. ರಬ್ಬರ್ ಹತ್ತಿರ ಬಂದಷ್ಟೂ ಸುರ್ರನೆ ಸುತ್ತುತ್ತದೆ. ದಾರ ಅರ್ಧ ಆದರೆ ಸುತ್ತು ಎರಡಲ್ಲ, ನಾಲ್ಕು ಪಟ್ಟು ಆಗಬೇಕಂತೆ. ಗಾಳಿ ಮತ್ತು ಘರ್ಷಣೆ ಸ್ವಲ್ಪ ತಿಂದುಹಾಕುವುದರಿಂದ ಪೂರಾ ನಾಲ್ಕು ಸಿಗುವುದಿಲ್ಲ.

ತಿರುಗುವ ಪ್ರತಿಯೊಂದು ವಸ್ತುವಿನ ಹತ್ತಿರ ಒಂದು ಗಂಟು ಇರುತ್ತದೆ ಎಂದು ತಿಳಿಯಿರಿ. ಅದರ ಹೆಸರು ಕೋನೀಯ ಸಂವೇಗ. ಹೆಸರಿಗೆ ಹೆದರಬೇಡಿರಿ. ತೂಕ ಎಷ್ಟು, ಅದು ನಡುವಿನಿಂದ ಎಷ್ಟು ದೂರ, ಎಷ್ಟು ಜೋರು ತಿರುಗುತ್ತದೆ, ಈ ಮೂರೂ ಕೂಡಿದರೆ ಆ ಗಂಟು. ಹೊರಗಿನಿಂದ ಯಾರೂ ತಿರುಗಿಸದಿದ್ದರೆ, ತಡೆಯದಿದ್ದರೆ ಅದು ಹೆಚ್ಚೂ ಆಗುವುದಿಲ್ಲ, ಕಮ್ಮಿಯೂ ಆಗುವುದಿಲ್ಲ. ತೂಕ ನಡುವಿಗೆ ಬಂದು ದೂರ ಕಮ್ಮಿಯಾದರೆ, ಲೆಕ್ಕ ಸರಿಹೋಗಲು ತಿರುಗುವ ಜೋರು ಹೆಚ್ಚಾಗಲೇಬೇಕು.

ಹಾವೇರಿಯಲ್ಲಿ ನಮ್ಮ ಸೋದರಮಾವನ ಝೆರಾಕ್ಸ್ ಅಂಗಡಿಯ ತಿರುಗುವ ಕುರ್ಚಿಯಲ್ಲಿ ಇದನ್ನು ಮತ್ತೆ ನೋಡಿದೆ. ಎರಡು ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಕೈ ಚಾಚಿ ಕುಳಿತೆ. ಮಾವ ಒಮ್ಮೆ ತಿರುಗಿಸಿ ಬಿಟ್ಟ. ಕೈ ಎದೆಗೆ ತಂದ ಕೂಡಲೇ ಜೋರಾಯಿತು, ಚಾಚಿದರೆ ಮತ್ತೆ ನಿಧಾನ. ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಬಿಸಿಲಿಗೆ ಸುಂಟರಗಾಳಿ ಏಳುವುದೂ ಹೀಗೆಯೇ. ಕಾದ ಗಾಳಿ ಮೇಲಕ್ಕೆ ಹೋಗುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ದೂರದಲ್ಲಿ ಮೆಲ್ಲಗೆ ಸುತ್ತುತ್ತಿದ್ದದ್ದು ನಡುವಿಗೆ ಬಂದಾಗ ದೂಳು, ಕಸ ಎತ್ತಿಕೊಂಡು ಹೋಗುವಷ್ಟು ಜೋರಾಗುತ್ತದೆ.

ಹಾಗಾದರೆ ಬುಗುರಿ ಯಾಕೆ ನಿಲ್ಲುತ್ತದೆ ಎಂದು ಹುಡುಗರು ಕೇಳಬಹುದು. ಬುಗುರಿಯ ಮೊಳೆ ನೆಲಕ್ಕೆ ತಿಕ್ಕುತ್ತದೆ, ಗಂಟು ಸ್ವಲ್ಪ ಸ್ವಲ್ಪವೇ ನೆಲಕ್ಕೆ ಹೋಗುತ್ತದೆ. ಆಕಾಶದಲ್ಲಿ ತಿಕ್ಕಲು ನೆಲವಿಲ್ಲ. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಬುಗುರಿಯ ಹಾಗೆ ತಿರುಗುವಂತೆ ಮಾಡಿದ್ದರು. ಯಾಕೆಂದರೆ ತಿರುಗುವ ವಸ್ತು ತನ್ನ ದಿಕ್ಕನ್ನೂ ಸುಲಭಕ್ಕೆ ಬಿಡುವುದಿಲ್ಲ. ಉಡುಪಿ ಹತ್ತಿರದ ಅದಮಾರಿನವರಾದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಅದು ತಯಾರಾಯಿತು. ತೂಕ 360 ಕಿಲೋ. 1975ರ ಏಪ್ರಿಲ್ 19ರಂದು ಸೋವಿಯತ್ ರಷ್ಯಾದಿಂದ ಹಾರಿಸಿದರು. ಹಳೆಯ ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಇದೆ. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಒಂದು ನೋಟು ಐತಿ, ಆದರೆ ಮುಟ್ಟಗೊಡೂದಿಲ್ಲ.

ಈಗ ತಮ್ಮನ ಮಾತು. ಚಕ್ರದ ಮೇಲೆ ನಿಂತವನ ಮೈ ಸೀದಾ ಹೋಗಲು ನೋಡುತ್ತದೆ. ಕೈಗಳು ಅದನ್ನು ಎಳೆದೆಳೆದು ದುಂಡಗೆ ತಿರುಗಿಸಬೇಕು. ಸುತ್ತು ಎರಡು ಪಟ್ಟಾದರೆ ಕೈಗೆ ಬೇಕಾಗುವ ಶಕ್ತಿ ನಾಲ್ಕು ಪಟ್ಟು. ಒಂದೂವರೆ ಪಟ್ಟಾದರೂ ಎರಡು ಪಟ್ಟಿಗಿಂತ ಹೆಚ್ಚು. ನಡುವೆ ಇದ್ದ ನಮಗೆ ದೂರ ಕಮ್ಮಿ, ಆದ್ದರಿಂದ ಏನೂ ಅನ್ನಿಸಲಿಲ್ಲ, ತಲೆ ಮಾತ್ರ ತಿರುಗಿತು. ನಾವು ಐದು ಮಂದಿ ಒಳಗೆ ಬಂದು ಹೆಚ್ಚು ಮಾಡಿದ ಜೋರನ್ನೆಲ್ಲ ಅಂಚಿನಲ್ಲಿ ಏಳು ವರ್ಷದ ಎರಡು ಕೈ ತಡೆಯಬೇಕಾಯಿತು. ಅವನು ಗಟ್ಟಿಯಾಗಿಯೇ ಹಿಡಿದಿದ್ದ.

ಇದನ್ನು ಗೋಡೆಗೆ ಹಚ್ಚುವ ಮೊದಲು ನಿನ್ನೆ ರಾತ್ರಿ ಅಪ್ಪ ಅವ್ವಗೆ ಓದಿ ಹೇಳಿದೆ. ಅವ್ವ ಏನೂ ಅನ್ನಲಿಲ್ಲ. ಅಪ್ಪ "ಹಂಗಾರ ಅವನ ತಪ್ಪಲ್ಲ" ಎಂದು ತಮ್ಮನ ಕಡೆ ನೋಡಿದ. ತಮ್ಮ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಎಡಗೈಯಲ್ಲಿ ನನ್ನ ಪೆನ್ನಿನ ಕೊಳವೆ ಹಿಡಿದು ರಬ್ಬರ್ ತಿರುಗಿಸುತ್ತಿದ್ದ.